ಭಾವ ಜೋತುಬಿದ್ದ ಗೋಡೆಗಳು

ನನ್ನ ಭಾವ ಕುವೈತಿನಲ್ಲಿ ಇಪ್ಪತ್ತು ವರ್ಷ ಕಂಡವರ ಮನೆಯ ಗೋಡೆಗೆ ಜೋತುಬಿದ್ದೇ ಸಂಸಾರ ಸಾಕಿದವರು! ನಗಬೇಡಿ, ದೇವರಾಣೆಗೂ ನಿಜ. ಈಗ ಅವರಿಲ್ಲ. ಇದ್ದಿದ್ದರೆ ನಾನು ಇದನ್ನು ಬರೆಯುತ್ತಿರುವ ಕೋಣೆಯ ಗೋಡೆಯನ್ನೂ ಒಮ್ಮೆ ತಟ್ಟಿ, ಕಿವಿಯಿಟ್ಟು ನೋಡುತ್ತಿದ್ದರು.

ಭಾವ ಎಂದರೆ ಅಕ್ಕನ ಗಂಡ. ಅಲ್ಲಿನ ಅರ್ದಿಯಾ ಎಂಬ ಕಡೆ ವರ್ಕ್‌ಶಾಪೊಂದರಲ್ಲಿ ಫಿಟ್ಟರ್. ದೊಡ್ಡ ದೊಡ್ಡ ಮನೆಗಳಿಗೆ ಆಳೆತ್ತರದ ರೇಡಿಯೇಟರ್ ಕೂರಿಸುವುದು ಅವರ ಕೆಲಸ. ಕುವೈತಿನಲ್ಲಿ ಕೋಣೆ ಬಿಸಿ ಮಾಡಲಿಕ್ಕೂ ಯಂತ್ರವೇ ಎಂದು ಊರಿನವರು ಹೊಟ್ಟೆ ಹಿಡಿದು ನಗುತ್ತಿದ್ದರು. ಜನವರಿಯಲ್ಲಿ ಒಂದು ಬೆಳಿಗ್ಗೆ ಮರುಭೂಮಿಯಂಚಿನ ಜಹ್ರಾದಲ್ಲಿ ನಿಂತು ನೋಡಲಿ, ಹಲ್ಲು ಕಟಕಟ ಅನ್ನುತ್ತದೆ!

ತೊಂದರೆ ಇದ್ದದ್ದು ಗೋಡೆಯಲ್ಲಿ. ಒಳಗೋಡೆಗಳೆಲ್ಲ ಹಗುರವಾದ ಬಿಳಿ ಬ್ಲಾಕಿನವು. ಉಗುರಿನಲ್ಲಿ ಕೆರೆದರೂ ಪುಡಿ ಉದುರುತ್ತದೆ. ರೇಡಿಯೇಟರೋ, ಇಬ್ಬರು ಹೊರುವ ಕಬ್ಬಿಣ. ಹೊಸದಾಗಿ ಬಂದಾಗ ಭಾವ, ಊರಿನ ಕೆಂಪುಕಲ್ಲಿನ ಗೋಡೆಯೆಂದೇ ತಿಳಿದು, ಬರೀ ಸ್ಕ್ರೂ ಬಿಗಿದು ಬಂದಿದ್ದರು. ಮೂರನೇ ದಿನ ಅದು ಗೋಡೆಯ ತುಂಡನ್ನೂ ಕಿತ್ತುಕೊಂಡು ಬಿತ್ತು. ಪಕ್ಕದಲ್ಲೇ ತೊಟ್ಟಿಲು. ಮಗುವಿಗೆ ಏನೂ ಆಗಲಿಲ್ಲ, ಆದರೆ ಭಾವನಿಗೆ ವಾರಗಟ್ಟಲೆ ಅನ್ನ ಸೇರಲಿಲ್ಲ.

ಅಂದಿನಿಂದ ಶುರುವಾಯಿತು ನೋಡಿ! ಗೋಡೆಯ ಆಚೆ ಬದಿಯವರೆಗೂ ತೂತು ಕೊರೆದು, ಅಲ್ಲಿ ಕಬ್ಬಿಣದ ತಗಡಿಟ್ಟು, ರೇಡಿಯೇಟರ್ ಹೊರುವ ಬ್ರಾಕೆಟ್ಟುಗಳನ್ನು ಬೋಲ್ಟಿನಿಂದ ಬಿಗಿಯುವುದು. ಆಮೇಲೆ, ಗೋಡೆ ತಾಳುತ್ತದೋ ಎಂದು, ಎಂಬತ್ತೈದು ಕಿಲೋದ ಈ ಆಸಾಮಿ ತಾನೇ ಮೇಲಿನ ಬ್ರಾಕೆಟ್ ಹಿಡಿದು, ಕಾಲು ಮಡಚಿ ಜೋತುಬೀಳುವುದು. ಲೆಕ್ಕ ನೂರಾಗುವವರೆಗೆ ಇಳಿಯುವ ಮಾತಿಲ್ಲ!

ಒಬ್ಬ ಮನೆಯೊಡತಿ ಹೆದರಿ, "ನಿಮ್ಮ ಫಿಟ್ಟರಿಗೆ ಹುಚ್ಚು ಹಿಡಿದಿದೆ" ಎಂದು ಕಫೀಲನಿಗೆ, ಅಂದರೆ ಭಾವನಿಗೆ ವೀಸಾ ಕೊಟ್ಟ ಅರಬ್ಬಿ ಧಣಿಗೆ, ಫೋನು ಮಾಡಿದಳು. ಓಡಿಬಂದ ಕಫೀಲನಿಗೆ ಭಾವ ಹೇಳಿದ್ದೇನು ಗೊತ್ತೇ? "ಬಾಬಾ, ನೀವೂ ಒಮ್ಮೆ ನೇತಾಡಿ ನೋಡಿ!" ಪುಣ್ಯಾತ್ಮ ಬಿಳಿ ನಿಲುವಂಗಿ ಎತ್ತಿಕಟ್ಟಿ ನೇತಾಡಿಯೂ ನೋಡಿದ. ಹತ್ತು ಎಣಿಸುವಷ್ಟರಲ್ಲಿ ಇಳಿದು "ಖಲಾಸ್, ಖಲಾಸ್" ಎಂದು ಕೈಮುಗಿದ.

ಕೊನೆಯ ವರ್ಷ, ನಾನೂ ಕುವೈತಿನಲ್ಲಿ ಅಕ್ಕ-ಭಾವನ ಜೊತೆಗೇ ಇದ್ದಾಗ, ಭಾವ ಕರಗತೊಡಗಿದರು. ಒಂದು ದಿನ ಅಕ್ಕ ಅವರ ಪ್ಯಾಂಟು ಒಗೆಯಲು ಎತ್ತಿದರೆ ಎತ್ತಲಾಗುತ್ತಿಲ್ಲ. ಕಿಸೆ ತುಂಬ ನಟ್ಟು, ಬೋಲ್ಟು.

"ಎಂತದಿದು? ಗುಜರಿ ಅಂಗಡಿ ಇಡ್ತೀರಾ?"

"ತೂಕ ಕಮ್ಮಿ ಆಗಿದೆ ಮಾರಾಯ್ತಿ. ನೇತಾಡ್ಲಿಕ್ಕೆ ಸಾಲೂದಿಲ್ಲ."

ನಾವು ಮೂವರೂ ನಕ್ಕೆವು. ಅಕ್ಕ ನಗುತ್ತಲೇ ಬಚ್ಚಲಿಗೆ ಹೋದವಳು ಬಹಳ ಹೊತ್ತು ನಲ್ಲಿ ನಿಲ್ಲಿಸಲಿಲ್ಲ.

ಹೊಟ್ಟೆಯೊಳಗಿನ ಗಡ್ಡೆ ಕೈಮೀರಿದೆ, ಊರಿಗೆ ಕರೆದುಕೊಂಡು ಹೋಗಿ ಎಂದರು ಡಾಕ್ಟರು. ಟಿಕೆಟ್ ಆಯಿತು. ಹೊರಡುವ ಹಿಂದಿನ ದಿನ, ರಜೆಯ ಶುಕ್ರವಾರ, ಭಾವ ಹಟ ಹಿಡಿದರು. ಜಹ್ರಾದ ಮನೆಯೊಂದರಲ್ಲಿ ಕೆಲಸ ಬಾಕಿ ಇದೆ, ಅದೂ ಮಗು ಮಲಗುವ ಕೋಣೆ. ಶುವೈಖ್‌ನ ಆಫೀಸಿನಲ್ಲಿ ಪೆನ್ನು ಹಿಡಿಯುವ ನಾನೇ ಅವತ್ತು ಹೆಲ್ಪರ್.

ಬೋಲ್ಟ್ ಬಿಗಿದಾಯಿತು. ಭಾವ ಜೋತುಬಿದ್ದರು. ಹನ್ನೆರಡು ಎಣಿಸುವಷ್ಟರಲ್ಲಿ ಕೈ ಜಾರಿತು.

"ನೀನೂ ಬಾ."

"ನಾನೊಬ್ಬನೇ ನೇತಾಡ್ತೇನೆ ಭಾವ, ನೀವು ಕೂತ್ಕೊಳ್ಳಿ."

"ನೀನೊಬ್ಬ ಎಲ್ಲಿಗೆ ಸಾಕು? ಇಬ್ಬರೂ ಸೇರಿದ್ರೆ ಮೊದಲಿನ ನಾನು ಆಗ್ತೇನೆ."

ಒಂದೇ ಬ್ರಾಕೆಟ್ಟಿಗೆ ಇಬ್ಬರೂ ಜೋತುಬಿದ್ದೆವು. ಅವರು ಜಾರದಂತೆ ನನ್ನ ಮಡಚಿದ ತೊಡೆ ಅವರ ಸೊಂಟಕ್ಕೆ ಆತುಕೊಂಡಿತ್ತು. ಅಲ್ಲಿ ಬರೀ ಎಲುಬು. ಮೂವತ್ತರವರೆಗೆ ಅವರು ಎಣಿಸಿದರು, ಉಸಿರು ಸಾಲದೆ ಮುಂದಿನದನ್ನು ನನಗೆ ಬಿಟ್ಟರು. ಗೋಡೆ ಮಿಸುಕಲಿಲ್ಲ. ನನಗೆ ಅಳು ತಡೆಯಲಾಗಲಿಲ್ಲ. ತೊಂಬತ್ತರಿಂದ ಮುಂದೆ ಆದಷ್ಟು ನಿಧಾನ ಮಾಡಿದೆ.

"ನೂರು ಆಯ್ತಲ್ಲ" ಎಂದರು ಭಾವ. "ಯಲ್ಲಾ, ಹೊರಡುವ. ಬಿಡು ಮಾರಾಯ."

"ನೂರಾ ಒಂದು" ಎಂದೆ ನಾನು.