ಹೂಂ ಅನ್ನಬಾರದ ಕತೆ

ಇಷ್ಟಕ್ಕೆಲ್ಲ ಕಾರಣ ಹೆಡ್ಡಾಫೀಸಿನಿಂದ ಬಂದ ಸುತ್ತೋಲೆಯ ಕೊನೇ ಸಾಲು. 'ಪ್ರತಿ ಶಾಖೆಯಲ್ಲೂ ಜಗತ್ತಿನ ಜನಪದ ಕತೆಗಳನ್ನು ಬಳಸಿ ಮಕ್ಕಳ ಸಾಹಿತ್ಯ ಚರ್ಚಾ ಕೂಟ ನಡೆಸತಕ್ಕದ್ದು' ಅನ್ನೋವರೆಗೆ ಎಲ್ಲ ಸರಿಯಾಗೇ ಇತ್ತು. ಆಮೇಲೆ ಇತ್ತು ನೋಡಿ: 'ಮಕ್ಕಳು ಕತೆಗೆ ಬರೀ ಹೂಂಗುಟ್ಟಬಾರದು. ಪ್ರಶ್ನೆ ಕೇಳಬೇಕು.'

ಆ ಶಾಖಾ ಗ್ರಂಥಾಲಯದ ಸಹಾಯಕನಿಗೆ ಇದನ್ನ ಹೇಳಿದ್ದು, ಮೀನಿಗೆ ಒದ್ದೆಯಾಗಬೇಡ ಅಂದ ಹಾಗಿತ್ತು. ಹುಟ್ಟಿದಾಗ ಎಲ್ಲ ಮಕ್ಕಳೂ ಅತ್ತರೆ ಇವನು 'ಹೂಂ' ಅಂದನಂತೆ. ಸೂಲಗಿತ್ತಿ ಏನೋ ಕೇಳಿರಬೇಕು. ಹೆಂಡತಿ ಹೇಳಿದ್ದಕ್ಕೂ ಹೂಂ, ಅದಕ್ಕೆ ತದ್ವಿರುದ್ಧವಾಗಿ ಅಮ್ಮ ಹೇಳಿದ್ದಕ್ಕೂ ಹೂಂ. ಬೀದಿಯವರೆಲ್ಲ ಅವನನ್ನ ಹೂಂಯ್ಯ ಅಂತಲೇ ಕರೀತಿದ್ರು. ಕರೆದರೆ 'ಹೂಂ' ಅಂತ ಓಗೊಡ್ತಿದ್ದ.

ಏಳು ವರ್ಷದಿಂದ ಹಂಗಾಮಿ ಕೆಲಸ. ಶನಿವಾರ ಮೇಲಧಿಕಾರಿ ಮೇಡಂ ಖುದ್ದಾಗಿ ಬಂದು ಕೂಟ ನೋಡ್ತಾರೆ, ಮೆಚ್ಚಿಕೊಂಡರೆ ಕಾಯಂ ಅಂತ ಸುದ್ದಿ.

"ಇವತ್ತೊಂದು ದಿನ ಬಾಯಿ ಬಿಗಿ ಹಿಡೀರಿ," ಅಂದಳು ಹೆಂಡತಿ, ಶನಿವಾರ ಬೆಳಿಗ್ಗೆ ಅವನ ಅಂಗಿಗೆ ಗುಂಡಿ ಹೊಲಿಯುತ್ತಾ. "ಮಕ್ಕಳ ಮುಂದೆ ಹೂಂ ಅನ್ಬೇಡಿ, ಕಲ್ತುಬಿಡ್ತಾವೆ. ತಿಳೀತಾ?"

"ಹೂಂ," ಅಂದ.

ಗ್ರಂಥಾಲಯದಲ್ಲಿ ಗಾಳಿ ಬೆಳಕು ಇದ್ದ ಕೋಣೆ ಮಕ್ಕಳದ್ದೊಂದೇ. ಎರಡು ಕಿಟಕಿ, ಒಂದು ಪುಸ್ತಕದ ಕಪಾಟು, ಒಂದು ಕುರ್ಚಿ, ಚಾಪೆ ಮೇಲೆ ಒಂಬತ್ತು ಮಕ್ಕಳು. ವಾರವಿಡೀ ಅವುಗಳಿಗೆ ತಾಲೀಮು ಕೊಟ್ಟಿದ್ದ. ಹೂಂ ಅಂದವರು ಗೋಡೆ ಕಡೆ ಮುಖ ಮಾಡಿ ಕೂರಬೇಕು. ಮತ್ತೆ ಅಂದರೆ ಗೋಡೆಗೆ ಇನ್ನೊಂದು ಗೇಣು ಹತ್ತಿರ ಸರೀಬೇಕು. ಹೂಂ ಬದಲಿಗೆ 'ಯಾಕೆ?' ಅನ್ನಬೇಕು.

ಬಾಗಿಲಲ್ಲಿ ಪಕ್ಕದಂಗಡಿ ದರ್ಜಿ ಕೊರಳಿಗೆ ಟೇಪು ಹಾಕ್ಕೊಂಡು ನಿಂತಿದ್ದ. ಅವನ ಮಗಳೇ ಒಂಬತ್ತರಲ್ಲಿ ಚೂಟಿ. ದಿನಾ ಪೇಪರ್ ಓದೋಕೆ ಬರೋ ಪೇಪರ್ ತಾತ ಕಿಟಕಿ ಪಕ್ಕ ಕೂತಿದ್ದರು.

"ಹಿಮ ಬೀಳೋ ದೂರದ ದೇಶದಲ್ಲಿ ಒಬ್ಬಳು ಅಜ್ಜಿ ಇದ್ದಳು," ಶುರುಮಾಡಿದ ಹೂಂಯ್ಯ.

"ಯಾಕೆ?" ಅಂದಿತು ಒಂದು ಮಗು.

"ಯಾಕೆ ಅಂದ್ರೆ... ಇದ್ದಳು, ಅಷ್ಟೇ."

"ಅಜ್ಜ ಎಲ್ಲಿ?"

"ತೀರಿಕೊಂಡ."

"ಯಾಕೆ?"

"ಉತ್ತರ ಕೊಟ್ಟೂ ಕೊಟ್ಟೂ," ಅಂದ ದರ್ಜಿ.

"ಒಂದು ದಿನ ಚಳಿ ತಡೀಲಾರದೆ ಕರಡಿಯೊಂದು ಬಾಗಿಲು ತಟ್ತು..."

"ಕರಡಿ ಚಳಿಗಾಲದಲ್ಲಿ ನಿದ್ದೆ ಹೊಡೆಯುತ್ತೆ ಕಣಯ್ಯ," ತಾತ ಪೇಪರ್ ಇಳಿಸಿದರು. "ಬಾಗಿಲು ತಟ್ಟಲ್ಲ."

"ಇದು ನಿದ್ದೆ ಬರದ ಕರಡಿ, ತಾತ."

"ಮೈತುಂಬ ತುಪ್ಪಳ. ಅದಕ್ಕೆಂಥ ಚಳಿ?" ಇದು ದರ್ಜಿ.

ಅಷ್ಟರಲ್ಲಿ ಮೇಡಂ ಬಂದರು. ಹಿಂದೆ ಡ್ರೈವರು, ಅವನ ತಲೆ ಮೇಲೆ ಕೆಂಪು ಬಟ್ಟೆಯಲ್ಲಿ ಕಟ್ಟಿದ ಕಡತದ ಗಂಟು. "ನಡೀಲಿ, ನಡೀಲಿ. ನಾನಿಲ್ಲ ಅಂದ್ಕೊಳ್ಳಿ," ಅಂತ ಇದ್ದೊಂದು ಕುರ್ಚಿಯಲ್ಲಿ ಕೂತರು. "ಈ ಗಂಟು ಇಲ್ಲೇ ಮೂಲೇಲಿ ಇಡಬಹುದಾ?"

"ಹೂಂ ಮೇಡಂ."

ದರ್ಜಿ ಮಗಳು ಬೆರಳೆತ್ತಿ ಗೋಡೆ ತೋರಿಸಿದಳು. ಮೇಡಂ ನೋಡ್ತಿದ್ದಾರೆ, ಶಿಸ್ತು ಅಂದ್ರೆ ಶಿಸ್ತು. ಹೂಂಯ್ಯ ಗೋಡೆಗೆ ಮುಖ ಮಾಡಿ ಕೂತು ಕತೆ ಮುಂದುವರಿಸಿದ.

"ಕರಡಿ ಕೇಳ್ತು, ಅಜ್ಜೀ, ಮೂಗೊಂದು ಒಳಗಿಡ್ಲಾ? ಅಜ್ಜಿ ಹೂಂ ಅಂದ್ಲು."

"ಮಾಮಾ, ಮತ್ತೆ ಅಂದ್ರಿ."

"ಅಂದಿದ್ದು ಅಜ್ಜಿ ಕಣಮ್ಮ."

"ಬಾಯಿ ನಿಮ್ದು."

ಒಂದು ಗೇಣು ಸರಿದ. ಬೆನ್ನ ಹಿಂದೆ ದಪ್ ಅಂತ ಏನೋ ಬಿದ್ದ ಸದ್ದು.

"ಇನ್ನೊಂದಷ್ಟು ಗಂಟಿದೆ," ಮೇಡಂ ದನಿ. "ತರಿಸ್ಲಾ?"

"ಹೂಂ." ಇನ್ನೊಂದು ಗೇಣು.

ಕರಡಿ ಮುಂಗಾಲಿಟ್ಟಿತು, ಹೆಗಲಿಟ್ಟಿತು. ದಪ್, ದಪ್. ಮಕ್ಕಳು ಕರಡಿ ಕುಣಿತ ಮಾಡ್ತಿವೆ ಅಂತ ಹೂಂಯ್ಯ ಗೋಡೆ ನೋಡ್ತಲೇ ಹಿಗ್ಗಿದ. ಕತೆಗೆ ಇಷ್ಟು ಜೀವ ತುಂಬಬಲ್ಲೆ ಅಂತ ಅವನಿಗೇ ಗೊತ್ತಿರಲಿಲ್ಲ.

"ಈ ಕಪಾಟು ಆಚೆ ಹೋದ್ರೆ ಪರವಾಗಿಲ್ವಾ?"

"ಹೂಂ." ಮೂಗು ಸುಣ್ಣಕ್ಕೆ ತಾಗಿತು.

"ಮಕ್ಕಳೂ?"

"ಹೂಂ. ಕರಡಿ ಒಲೆ ಮುಂದೆ ಕಾಲು ಚಾಚಿ ಮಲಗ್ತು! ಅಜ್ಜಿ ಹೊರಗೆ, ಹಿಮದಲ್ಲಿ! ಈಗ ಹೇಳಿ ಮಕ್ಕಳಾ, ಅಜ್ಜಿ ಮಾಡಿದ ತಪ್ಪೇನು?"

ಯಾರೂ ಉತ್ತರ ಕೊಡಲಿಲ್ಲ. ತಿರುಗಿದ.

ಕೋಣೆ ತುಂಬ ಕೆಂಪು ಗಂಟು. ಎರಡು ಕಿಟಕಿಯೂ ಮುಚ್ಚಿಹೋಗಿ ಮಟಮಟ ಮಧ್ಯಾಹ್ನ ಮಬ್ಬುಗತ್ತಲೆ. ಡ್ರೈವರು ಬಾಗಿಲ ಹತ್ತಿರ ಬೀಗ ಹಿಡಕೊಂಡು, ಇವನು ಯಾವಾಗ ಎದ್ದು ಬರ್ತಾನೋ ಅಂತ ಕಾಯ್ತಾ ಇದ್ದ. ಆಚೆ ಮೆಟ್ಟಿಲ ಕೆಳಗಿನ ಸಂದಿಯಲ್ಲಿ ಚಾಪೆ, ಮಕ್ಕಳು, ಪೇಪರ್ ತಾತ, ಕಪಾಟು, ಎಲ್ಲ ಉಪ್ಪಿನಕಾಯಿ ಜಾಡಿಯ ಹೋಳುಗಳ ಹಾಗೆ ಒತ್ತೊತ್ತಾಗಿ.

"ಭೇಷ್ ಕಣ್ರೀ," ಅಂದರು ಮೇಡಂ. "ಹಳೇ ಕಡತಕ್ಕೊಂದು ಕೋಣೆ ಬೇಕು ಅಂತ ಆರು ಶಾಖೆ ಅಲೆದೆ. ಮಕ್ಕಳಿಂದ ಹಿಡಿದು ಕಸ ಗುಡಿಸೋರವರೆಗೆ ಎಲ್ರೂ ಯಾಕೆ, ಯಾಕೆ, ಯಾಕೆ. ಸುತ್ತೋಲೆ ಬರೆದೋಳು ನಾನೇ, ನನ್ನ ತಲೆಗೇ ಬಂತು."

"ಮೇಡಂ, ನನ್ನ ಕಾಯಂ..."

"ಕೂಟ ನಡೆಸೋರಿಗೆ ಕಾಯಂ. ಕೂಟ ಅಂದ್ರೆ ಕೋಣೆ ಇರ್ಬೇಕು, ನಿಯಮ. ಈ ಶಾಖೇಲಿ ಕೋಣೆ ಇಲ್ವಲ್ಲ." ಮೇಡಂ ಡೈರಿ ನೋಡಿಕೊಂಡರು. "ನಾನು ಕೇಳಿದ್ದಕ್ಕೆಲ್ಲ ನಾಲ್ಕು ಸಲ ಹೂಂ ಅಂದಿದ್ದೀರಿ. ಬರ್ಕೊಂಡಿದ್ದೀನಿ. ಇರ್ಲಿ, ಹಂಗಾಮಿಯಾಗೇ ಮುಂದುವರೀತೀರಾ?"

ಗಂಟಲಿಗೆ ಹೂಂ ಬಂದೇಬಿಟ್ಟಿತ್ತು. ಹೆಂಡತಿ ನೆನಪಾದಳು. ಬಾಗಿಲಾಚೆಯಿಂದ ಒಂಬತ್ತು ಜೊತೆ ಕಣ್ಣು ಅವನನ್ನೇ ನೋಡ್ತಿದ್ದವು. ಹುಟ್ಟಿದಾಗಿನಿಂದ ಮೊದಲ ಸಲ ಹೂಂಯ್ಯ ಹೂಂ ಅನ್ನೋದನ್ನ ನುಂಗಿ, ಎದೆ ಸೆಟೆಸಿ ಕೇಳಿದ:

"ಯಾಕೆ?"

"ಓ, ಅದಕ್ಕೂ ಯಾಕೆ ಅಂತೀರಾ? ಬೇಡ ಅಂದ್ರೆ ಬಲವಂತ ಇಲ್ಲಪ್ಪ," ಅಂತ ಮೇಡಂ ಡೈರಿಯಲ್ಲಿ ಅವನ ಹೆಸರಿನ ಮೇಲೆ ಒಂದು ಗೀಟೆಳೆದು, ಅವನು ಹೊರಬಂದಮೇಲೆ ಕೋಣೆಗೆ ಬೀಗ ಹಾಕಿಸಿ, ಡ್ರೈವರಿಂದ ಬೀಗದ ಕೈ ಈಸಿಕೊಂಡು ಹೊರಟೇಹೋದರು.

ಹೂಂಯ್ಯ ತಲೆ ಬಗ್ಗಿಸಿ ಮೆಟ್ಟಿಲ ಕೆಳಗೆ ತೂರಿಕೊಂಡು ಚಾಪೆಯ ಅಂಚಲ್ಲಿ ಕೂತ. ಅಂಗಿಯ ಹೊಸ ಗುಂಡಿ ಕಿತ್ತುಬಂದು ಕೈಯಲ್ಲಿತ್ತು.

"ಕತೆ ಅರ್ಥ ಆಯ್ತಾ ಮಕ್ಕಳಾ?"

"ಹೂಂ," ಅಂದವು ಒಂಬತ್ತೂ ಒಟ್ಟಿಗೆ.

ಅಂದಮೇಲೆ ನೆನಪಾಗಿ, ಗೋಡೆ ಕಡೆ ತಿರುಗಿ ಕೂತವು. ಮೆಟ್ಟಿಲ ಕೆಳಗೆ ಅದೊಂದು ಅನುಕೂಲ. ಯಾವ ಕಡೆ ತಿರುಗಿದರೂ ಗೋಡೆಯೇ.