ಜೂಲಿಗೆ ನಾನು ಕೊಟ್ಟ ವಿಶ್ರಾಂತಿ

ನಾಯಿ ಸಾಕುವುದೇನು ಮಹಾ ವಿದ್ಯೆ? ತ್ರಾಸಿಯಲ್ಲಿ ಮೂವತ್ತು ವರ್ಷ ಡ್ರಿಲ್ ಮಾಸ್ತರನಾಗಿ ಶಾಲೆಯ ಮಕ್ಕಳನ್ನು ಎಡಕ್ಕೆ, ಬಲಕ್ಕೆ ತಿರುಗಿಸಿ ನಿವೃತ್ತನಾದವನು ನಾನು. ಜೂಲಿಯೂ ನಿವೃತ್ತಳೇ. ನನ್ನ ಹೆಂಡತಿ ಸರೋಜಳ ಸೋದರಮಾವ ಮುಂಬೈಯಲ್ಲಿದ್ದಾರೆ. ಅವರಿಗೆ ಕಣ್ಣು ಕಾಣುವುದಿಲ್ಲ. ಎಂಟು ವರ್ಷ ಅವರಿಗೆ ದಾರಿ ತೋರಿಸಿದ ಜೂಲಿ ಮುದುಕಿಯಾದಳು, ಅವರಿಗೆ ಹೊಸ ನಾಯಿ ಬಂತು, ಜೂಲಿ ನಮ್ಮ ಮನೆ ಸೇರಿದಳು. ನಾಯಿ ಕೊಟ್ಟ ಮುಂಬೈ ಸಂಸ್ಥೆಯವರ ಷರತ್ತು ಒಂದೇ: ಅವಳಿಂದ ಕೆಲಸ ಮಾಡಿಸಬಾರದು. ತಿಂಗಳಾದ ಮೇಲೆ ಮೇಡಂ ಒಬ್ಬರು ಬಂದು ನೋಡುತ್ತಾರೆ. ಸರಿ ಕಾಣದಿದ್ದರೆ ವಾಪಸ್!

ಅಷ್ಟರಲ್ಲಿ ಸರೋಜ ಜೂಲಿಯನ್ನು ಹಚ್ಚಿಕೊಂಡುಬಿಟ್ಟಿದ್ದಳು. ನನಗೆ ಗಂಜಿ, ಜೂಲಿಗೆ ಮುಳ್ಳು ಬಿಡಿಸಿದ ಬಂಗುಡೆ.

"ಇದನ್ ಕರ್ಕಂಡ್ ಹೋರೆ ನಾನ್ ಒಂದ್ ತುತ್ತ್ ಉಂಬುದಿಲ್ಲ, ಕಾಣಿ" ಎಂದು ಎಚ್ಚರಿಸಿದ್ದಳು.

ಮೇಡಂ ಬರುವ ದಿನ ನನಗೊಂದು ಘನವಾದ ಯೋಚನೆ ಹೊಳೆಯಿತು. ತಪಾಸಣೆ ಎಂದರೆ ಯೂನಿಫಾರ್ಮ್ ಬೇಡವೇ? ಮಾವ ನೆನಪಿಗೆಂದು ಕಳಿಸಿದ್ದ, ದಾರಿ ತೋರಿಸುವಾಗ ಅವಳು ತೊಡುತ್ತಿದ್ದ, ಮೇಲೆ ಹಿಡಿಕೆಯಿದ್ದ ಚರ್ಮದ ಬೆಲ್ಟನ್ನು ಜೂಲಿಯ ಮೈಗೆ ಕಟ್ಟಿದೆ. ಬಿಸಿಲಿಗೆಂದು ಕಪ್ಪು ಕನ್ನಡಕ ಹಾಕಿಕೊಂಡು ಮೇಡಂ ಅವರನ್ನು ಎದುರುಗೊಳ್ಳಲು ಹೊರಟೆ.

ಬೆಲ್ಟು ಬಿದ್ದದ್ದೇ ತಡ, ತೂಕಡಿಸುತ್ತಿದ್ದ ಮುದುಕಿ ಸಟ್ಟನೆ ನೆಟ್ಟಗಾದಳು. ನಾನು ಅವಳನ್ನು ಕರೆದೊಯ್ಯುತ್ತಿದ್ದೇನೆ ಎಂದುಕೊಂಡಿದ್ದೆ. ಮರವಂತೆ ಕಡೆಯ ಹೆದ್ದಾರಿಗೆ ಬಂದಾಗ ಅನುಮಾನ ಶುರುವಾಯಿತು. ಸೀಯಾಳ ಕುಡಿಯೋಣವೆಂದು ಎಡಕ್ಕೆ ಎಳೆದೆ. ಆ ಕಡೆ ಕಡಲು. ಜೂಲಿ ನನ್ನ ಕಾಲಿಗೆ ಅಡ್ಡ ನಿಂತಳು. ಬಲಕ್ಕೆ ಎಳೆದೆ. ಆ ಕಡೆ ಹೊಳೆ. ಮತ್ತೆ ಅಡ್ಡ! ಹಿಂದಿರುಗೋಣವೆಂದರೆ ಅವಳು ಕಲಿತ ಆಜ್ಞೆ ನನಗೆ ಗೊತ್ತಿಲ್ಲ. "ಅಬೌಟ್ ಟರ್ನ್!" ಎಂದು ಗರ್ಜಿಸಿದೆ. ನನ್ನ ಕಾಲು ತಿರುಗಿತು. ನಾಯಿ ತಿರುಗಲಿಲ್ಲ.

ಕೈಬಿಟ್ಟರೆ ಲಾರಿಗಳ ಭಯ. ಬೆಲ್ಟು ಬಿಚ್ಚೋಣವೆಂದರೆ ಓದುವ ಕನ್ನಡಕ ಮನೆಯಲ್ಲಿ, ಬಕಲ್ ಕಣ್ಣಿಗೆ ಕಾಣದು. ಬಗ್ಗಿ ತಡಕಾಡುತ್ತಿದ್ದಾಗ ನನ್ನ ಹಳೆಯ ವಿದ್ಯಾರ್ಥಿ ಗಣಪ ಬೈಕು ನಿಲ್ಲಿಸಿದ.

"ಹ್ವಾಯ್ ಮಾಷ್ಟ್ರೆ, ಕಣ್ಣಿಗ್ ಎಂತ ಆಯ್ತ್?"

"ಎಂತದೂ ಆಯ್ಲಿಲ್ಲ ಮಾರಾಯಾ, ಈ ಬಕಲ್ ಕಾಂತಿಲ್ಲ!"

"ಬಕಲೂ ಕಾಂತಿಲ್ಯಾ? ಅಯ್ಯೋ ದೇವ್ರೇ!"

ಬಿಚ್ಚಿಕೊಡುವ ಬದಲು, ಸುದ್ದಿ ಮುಟ್ಟಿಸಲು ಅವನು ನಮ್ಮ ಮನೆಗೆ ಧಾವಿಸಿದ!

ಅಷ್ಟರಲ್ಲಿ ಬೈಂದೂರು ಕಡೆಯಿಂದ ಬಂದ ಬಸ್ಸು ನಿಂತಿತು. ಕಂಡಕ್ಟರ್ ಹಾರಿಳಿದು ನನ್ನ ತೋಳು ಹಿಡಿದ. "ಹೆದ್ರ್ಬೇಡಿ ಮಾಷ್ಟ್ರೆ, ನಾನಿದ್ದೆ!" ಅವನ ಹಿಂದೆಯೇ ಫೈಲು ಹಿಡಿದ ಹೆಂಗಸೊಬ್ಬರು ಇಳಿದರು. ಮುಂಬೈ ಮೇಡಂ!

"ಕೆಲಸ ಮಾಡಿಸಬಾರದು ಅಂತ ಹೇಳಿದ್ದೆವಲ್ಲ?"

ಜೂಲಿ ಹೋದರೆ ಸರೋಜಳಿಗೆ ಏನೆಂದು ಹೇಳಲಿ? ಗಾಬರಿಯಲ್ಲಿ ಬಾಯಿಗೆ ಬಂದದ್ದು ಹೇಳಿಬಿಟ್ಟೆ: "ನನಗೂ ಕಣ್ಣು ಕಾಣುವುದಿಲ್ಲ ಮೇಡಂ!"

"ಹಾಗಾದರೆ ಹೊಸ ನಾಯಿಗೆ ಅರ್ಜಿ ಹಾಕಿ. ಇವಳನ್ನು ನಾನು ವಾಪಸ್ ಒಯ್ಯುತ್ತೇನೆ."

ಆಗಲೇ ಗಣಪನ ಬೈಕಿನಿಂದ ಸರೋಜ ಅಳುತ್ತಾ ಇಳಿದಳು. ನನ್ನ ಕನ್ನಡಕ ಕಿತ್ತು ಕಣ್ಣು ಪರೀಕ್ಷಿಸಿದಳು. ಅಳು ನಿಂತಿತು, ಬೈಗುಳ ಶುರುವಾಯಿತು.

"ಕಣ್ಣ್ ಸಮ ಇತ್ತ್ ಮೇಡಂ, ಬುದ್ಧಿಯೇ ಇಲ್ಲ!"

ಅವಳು ಕೂತು ಬೆಲ್ಟು ಬಿಚ್ಚಿದಳು. ಜೂಲಿ ಅಲ್ಲೇ ಅವಳ ಮಡಿಲಲ್ಲಿ ತಲೆಯಿಟ್ಟು ಕಣ್ಣು ಮುಚ್ಚಿದಳು. ಸರೋಜ ಮತ್ತೆ ಕಣ್ಣೀರಾದಳು.

"ಇದನ್ ಬಿಟ್ಟ್ ಹೋಯ್ನಿ ಮೇಡಂ. ಬೇಕಾರೆ ಇವ್ರನ್ ಕರ್ಕಂಡ್ ಹೋಯ್ನಿ."

ಮೇಡಂ ನನ್ನನ್ನೊಮ್ಮೆ ಅಳೆದು ನೋಡಿ, ಆ ಪ್ರಸ್ತಾಪವನ್ನು ತಿರಸ್ಕರಿಸಿದರು. ಜೂಲಿ ಉಳಿದಳು. ಆದರೆ ಫೈಲಿನಲ್ಲಿ ಹೊಸ ಷರತ್ತು ಸೇರಿತು: ನಾನು ಹೊರಗೆ ಹೋಗುವುದು ಜೂಲಿಯ ಕಣ್ಣಿಗೆ ಬೀಳಬಾರದು. ನನ್ನ ನಡಿಗೆ ಕಂಡರೆ ಸಾಕು, ಈ ಮನುಷ್ಯನಿಗೆ ದಾರಿ ತೋರಿಸಬೇಕೆಂದು ಅವಳು ಎದ್ದು ನಿಲ್ಲುತ್ತಾಳಂತೆ!

ಅಂದಿನಿಂದ ನನ್ನ ಸಂಚಾರ ಹಿತ್ತಿಲ ಬಾಗಿಲಿನಿಂದ. ನಿನ್ನೆಯೂ ಸರೋಜ ಪಿಸುಗುಟ್ಟಿದಳು: "ಸದ್ದ್ ಮಾಡ್ಬೇಡಿ, ಅದ್ ಮನಿಕಂಡಿತ್ತ್!" ಚಪ್ಪಲಿ ಕೈಯಲ್ಲಿ ಹಿಡಿದು, ಬಗ್ಗಿ ಬಗ್ಗಿ, ಕೊಟ್ಟಿಗೆಯ ಪಕ್ಕದಿಂದ ಹೊರಟೆ. ನೇರ ಸಗಣಿಗೆ ಕಾಲಿಟ್ಟೆ.

ಹಾಡುಹಗಲು. ಎರಡೂ ಕಣ್ಣು ಬಿಟ್ಟುಕೊಂಡೇ!