ಗಿರಿರಾಜ ಕೆಂಪಾದರೆ ಸುಳ್ಳು

ನಮ್ಮ ಓನರ್ ಆಂಟಿಗೆ ಯಾರು ಏನೇ ಹೇಳಲಿ, ಅವರು ಹೇಳಿದವರ ಮುಖ ನೋಡುವುದಿಲ್ಲ. ಕತ್ತನ್ನು ಒಂಚೂರು ಎಡಕ್ಕೆ ತಿರುಗಿಸಿ, ಸೀಬೆ ಮರದ ಕೆಳಗೆ ನಿಂತ ಟರ್ಕಿ ಕೋಳಿಯ ಮುಖ ನೋಡುತ್ತಾರೆ. ಅದರ ತಲೆ ನೀಲಿಯಾಗಿದ್ದರೆ "ಸರಿ ಬಿಡು" ಅನ್ನುತ್ತಾರೆ. ಕೆಂಪಾಗಿದ್ದರೆ "ಊಂ" ಅಂತಷ್ಟೇ. ಆ "ಊಂ"ಗೆ ನಮ್ಮ ಅಮೃತಹಳ್ಳಿ ರಸ್ತೆಯಲ್ಲಿ ಹೆದರದವರಿಲ್ಲ.

ಅಮ್ಮ ಮತ್ತು ನಾನು ಅವರ ಮನೆಯ ಮೊದಲ ಮಹಡಿಯಲ್ಲಿ ಬಾಡಿಗೆಗೆ ಇದ್ದೇವೆ. ನಾನು ಹೆಚ್ಚು ಮಾತಾಡುವವಳಲ್ಲ. ಮಾತಾಡದವರಿಗೆ ನೋಡಲಿಕ್ಕೆ ಬೇಕಾದಷ್ಟು ಟೈಮ್ ಸಿಗುತ್ತದೆ. ಟರ್ಕಿ ಸಾಕಿದ ಮನೆಯ ಮೆಟ್ಟಿಲ ಮೇಲೆ ನಿಂತು ನೋಡುವವರಿಗಂತೂ ವಾರಕ್ಕೊಂದು ಪ್ರಸಂಗ ಖಾತ್ರಿ.

ಜಾತಿಯೂ ಹೆಸರೂ

ಮೊಪೆಡ್ಡಿನ ಹಿಂದೆ ಬುಟ್ಟಿ ಕಟ್ಟಿಕೊಂಡು ಕೋಳಿಮರಿ ಮಾರುವವನೊಬ್ಬ ಬಂದಿದ್ದ. "ಗಿರಿರಾಜ ತಳಿ ಕಣಮ್ಮಾ, ಒಳ್ಳೆ ತೂಕ ಬರುತ್ತೆ" ಅಂದ. ಆಂಟಿ ಆರು ಮರಿ ತಗೊಂಡರು. ಐದು ಕೋಳಿಗಳಾದವು. ಆರನೆಯದಕ್ಕೆ ಕತ್ತು ಉದ್ದವಾಯಿತು, ತಲೆಯ ಪುಕ್ಕ ಉದುರಿತು, ಕೊಕ್ಕಿನ ಮೇಲೆ ಮಾಂಸದ ತುಂಡೊಂದು ಜೋತಾಡತೊಡಗಿತು. ಒಂದು ದಿನ ಬಾಲವನ್ನು ಬೀಸಣಿಗೆಯ ಹಾಗೆ ಬಿಚ್ಚಿ "ಗುಳುಗುಳುಗುಳು" ಅಂತು.

"ನೀನೇನ್ ಹಾಕ್ದೆ ಇದಕ್ಕೆ?" ಅಂತ ಓನರ್ ಅಂಕಲ್ ಹೆಂಡತಿಯ ಮೇಲೆ ಅನುಮಾನ ಪಟ್ಟರು.

"ನಾನ್ಯಾಕ್ ಹಾಕ್ಲಿ? ಎದುರುಮನೆಯೋಳ್ ಕಣ್ ಬಿದ್ದು ಇಂಗಾಗದೆ" ಅಂತ ಆಂಟಿ ಎದುರುಮನೆಯ ಮೇಲೆ ಅನುಮಾನ ಪಟ್ಟರು.

ನಾನು ಫೋನಿನಲ್ಲಿ ಹುಡುಕಿ, ಇದು ಟರ್ಕಿ ಅಂತ ಅಮ್ಮನಿಗೆ ಹೇಳಿದೆ. ಅಮ್ಮ ಆಂಟಿಗೆ ಹೇಳಿದರು. ಮರಿ ಮಾರಿದವನು ಮತ್ತೆ ಬರಲಿ ಅಂತ ಆಂಟಿ ಆರು ತಿಂಗಳು ಕಾದರು. ಬಂದ.

"ಗಿರಿರಾಜ ಅಂತ ಕೊಟ್ಯಲ್ಲಪ್ಪಾ, ಏನಿದು?"

ಅವನು ನೋಡಿದ. "ಗಿರಿರಾಜನೇ ಕಣಮ್ಮಾ. ನಿಮ್ಮನೆ ಊಟ ಚೆನ್ನಾಗಿದೆ, ಅದಕ್ಕೇ ಹಿಂಗೆ."

ಅಷ್ಟರಲ್ಲಿ ಅವನ ಮೊಪೆಡ್ ಡಬ್ ಅಂತು. ನೀಲಿಯಿದ್ದ ಹಕ್ಕಿಯ ತಲೆ ಕುಂಕುಮದ ಹಾಗೆ ಕೆಂಪಾಯಿತು. ಆಂಟಿ ಮೊಪೆಡ್ಡಿನ ಸದ್ದು ಕೇಳಿಸಿಕೊಳ್ಳಲಿಲ್ಲ, ಬಣ್ಣವನ್ನಷ್ಟೇ ನೋಡಿದರು.

"ನೋಡು, ನೋಡು! ಸುಳ್ ಯೋಳಿದ್ ತಕ್ಷಣ ಎಂಗ್ ಕೆಂಪಾಯ್ತು!"

ಅಂದಿನಿಂದ ಐದು ಕೋಳಿಗೆ ಗಿರಿರಾಜ ಅನ್ನೋದು ಜಾತಿ, ಇವನಿಗೆ ಹೆಸರು. ಜೊತೆಗೆ ಉದ್ಯೋಗವೂ ಸಿಕ್ಕಿತು. ಆಂಟಿ ಮಾರುವವನಿಗೆ ಚೆನ್ನಾಗಿ ಬೈದು, ಅವನಿಂದಲೇ ಇನ್ನೂ ನಾಲ್ಕು ಮರಿ ತಗೊಂಡರು. ಯಾಕೆ ಅಂತ ಅಮ್ಮ ಕೇಳಿದ್ದಕ್ಕೆ, "ಈ ಸಲ ಏನಾಗ್ತವೋ ನೋಡಾಣ ಅಂತ" ಅಂದರು.

ಕ್ಯಾಮೆರಾ

ಟರ್ಕಿಯ ತಲೆ ಕೆಂಪಾಗುವುದು ಸಿಟ್ಟಿಗೆ, ಗಾಬರಿಗೆ, ಸುಳ್ಳಿಗಲ್ಲ. ಇದು ನನಗೆ ಗೊತ್ತಿತ್ತು. ಕೈತುತ್ತು ತಿಂದು ಬೆಳೆದ ಗಂಡು ಟರ್ಕಿಗೆ ಮನೆಯ ಹೆಂಗಸು ತನ್ನ ಜೋಡಿ ಹಾಗೂ ಮನೆಯ ಗಂಡಸು ತನ್ನ ಶತ್ರು ಅನ್ನಿಸಬಹುದು ಅಂತಲೂ ಓದಿದ್ದೆ. ಇದನ್ನೆಲ್ಲ ಆಂಟಿಯ ಮುಂದೆ ಯಾವ ಬಾಯಿಂದ ಹೇಳಲಿ?

ಹಾಗಾಗಿ ಪಾಪ, ಅಂಕಲ್ ಗೇಟಿನೊಳಗೆ ಕಾಲಿಟ್ಟರೆ ಸಾಕು, ಗಿರಿರಾಜ ಕೆಂಪು.

"ಎಲ್ಲಿಗೋಗಿದ್ರಿ?"

"ಯಲಹಂಕ. ಸೈಟಿನ ಕೆಲಸ ಇತ್ತು."

ಆಂಟಿ ಎಡಕ್ಕೆ ನೋಡಿದರು. "ಊಂ."

ಬೆಳಗಿನ ಉಪ್ಪಿಟ್ಟು ಚೆನ್ನಾಗಿತ್ತು ಅಂದರೂ "ಊಂ."

ಆಮೇಲೆ ಅಂಕಲ್‌ರ ಹೊಸ ಕಾರಿನ ಬಾಗಿಲ ತುಂಬಾ ಗೀರು ಬಿದ್ದವು. "ಯಾರ್ ಗೀಚಿದ್ದು ಅಂತ ನಂಗೊತ್ತು. ಅವರಾಗೇ ಒಪ್ಕೊಳ್ಳಲಿ ಅಂತ ಕಾಯ್ತಿದೀನಿ" ಅಂತ ಅಂಕಲ್ ನನ್ನ ಸ್ಕೂಟರಿನ ಕಡೆ ನೋಡುತ್ತಾ ಹೇಳಿದರು. ಯಾರೂ ಒಪ್ಪಿಕೊಳ್ಳಲಿಲ್ಲ. ಕ್ಯಾಮೆರಾ ಹಾಕಿಸಿದರು. ಮುಂದಿನ ಭಾನುವಾರ ನಮ್ಮನ್ನೆಲ್ಲ ಅವರ ಹಾಲ್‌ನಲ್ಲಿ ಕೂರಿಸಿ, ಟಿವಿಯಲ್ಲಿ ತೋರಿಸಿದರು. ಕಳ್ಳನ ಮುಖ ಎಲ್ಲರೂ ನೋಡಲಿ ಅಂತ.

ಕಂಡದ್ದು ಗಿರಿರಾಜ. ಫಳಫಳ ಹೊಳೆಯುವ ಬಾಗಿಲಿನಲ್ಲಿ ಇನ್ನೊಬ್ಬ ಟರ್ಕಿಯನ್ನು ನೋಡಿ, ಮೈ ಉಬ್ಬಿಸಿ, ಅವನಿಗೆ ಕುಕ್ಕಿದ್ದೇ ಕುಕ್ಕಿದ್ದು. ಅಂಕಲ್ ರಿಮೋಟ್ ಹುಡುಕುವಷ್ಟರಲ್ಲಿ ಮುಂದಿನ ದೃಶ್ಯವೂ ಬಂದುಬಿಟ್ಟಿತು. ಗೇಟು ಒಂದು ಗೇಣು ತೆರೆಯಿತು. ಅಂಕಲ್‌ರ ತಲೆ ಒಳಗೆ ಬಂತು. ಆ ಕಡೆ ನೋಡಿತು, ಈ ಕಡೆ ನೋಡಿತು. ಆಮೇಲೆ ಪೂರ್ತಿ ಅಂಕಲ್, ಚಪ್ಪಲಿ ಕೈಯಲ್ಲಿ ಹಿಡಿದುಕೊಂಡು, ತುದಿಗಾಲಲ್ಲಿ, ಹಿತ್ತಲ ಬಾಗಿಲಿನ ಕಡೆಗೆ.

ಆಂಟಿಗೆ ನಗು ತಡೆಯಲಾಗಲಿಲ್ಲ. "ಅಯ್ಯೋ ಇವ್ರೇ, ಗಿರಿರಾಜಂಗ್ ಎದ್ರಕಂಡಾ! ದಿನಾ ಇತ್ಲಿಂದ ಬರೋದ್ ನೋಡಿ ನಾನ್ ಬೇರೆ ಏನೋ ಅಂದ್ಕಂಡಿದ್ನಲ್ಲ!"

ಅಂಕಲ್‌ಗೆ ಮಾನ ಹೋದಂತಾಯಿತು. "ಇನ್ನೊಂದ್ಸಲ ಇದು ಯಾರನ್ನಾದ್ರೂ ಕುಕ್ಕಲಿ, ತಮ್ಮನ ತೋಟಕ್ಕೆ ಕಳಿಸ್ಬಿಡ್ತೀನಿ" ಅಂದರು.

ಆಂಟಿಯ ನಗು ನಿಂತುಹೋಯಿತು. ರಾಜಾನುಕುಂಟೆ ಆಚೆ ಇರುವ ಆ ತೋಟಕ್ಕೆ ಹಿಂದೆ ಎರಡು ಮೇಕೆ, ಒಂದು ಹುಂಜ ಹೋಗಿದ್ದವು. "ಅಲ್ಲಿಗೋದ್ ಮೇಕೆ ಒಂದಾದ್ರೂ ವಾಪಸ್ ಬಂತಾ?"

"ಅವಕ್ಕೆ ಅಲ್ಲೇ ಇಷ್ಟ ಆಯ್ತಂತೆ" ಅಂದರು ಅಂಕಲ್.

ಕಿಟಕಿಯಾಚೆ ಗಿರಿರಾಜ ಕೆಂಪಾಗಿದ್ದ. ಆ ಒಂದು ಸಲ ಮಾತ್ರ ನನಗೂ ಅವನ ಮೇಲೆ ನಂಬಿಕೆ ಬಂತು.

ಟವೆಲ್

ಮಾರನೇ ದಿನವೇ ಆಂಟಿ ನನ್ನ ಸ್ಕೂಟರಿನ ಹಿಂದೆ ಕೂತು ಹೆಬ್ಬಾಳದ ಒಬ್ಬ ಪ್ರಾಣಿ ಡಾಕ್ಟರ ಹತ್ತಿರ ಬಂದರು. ಡಾಕ್ಟರು ಸಮಾಧಾನದಿಂದ ಕೇಳಿ ಹೇಳಿದರು: "ಅದು ಕೆಟ್ಟದ್ದಲ್ಲಮ್ಮ. ಕಾಂಪೌಂಡಿಗೆ ತಾನೇ ಯಜಮಾನ ಅಂದ್ಕೊಂಡಿದೆ. ಓಡೋರನ್ನ ಅಟ್ಟಿಸ್ಕೊಂಡು ಹೋಗುತ್ತೆ. ಓಡ್ಬೇಡಿ, ಹೊಡೀಬೇಡಿ. ನೆಟ್ಟಗೆ ನಿಂತು ಗಟ್ಟಿಯಾಗಿ ಒಂದು ಮಾತು ಹೇಳಿ. ದಿನಾ ಹತ್ತು ನಿಮಿಷ ಟವೆಲಲ್ಲಿ ಸುತ್ತಿ, ಕಂಕುಳಲ್ಲಿ ಇಟ್ಕೊಂಡು ಓಡಾಡಿ. ತಣ್ಣಗಾಗುತ್ತೆ. ಟರ್ಕಿ ಟವೆಲ್ ಆದ್ರೆ ಒಳ್ಳೇದು, ಉಗುರು ತಾಗಲ್ಲ."

ಸ್ನಾನಕ್ಕೆ ಬಳಸುವ ದಪ್ಪ ಟವೆಲ್ಲಿಗೆ ಎಲ್ಲರೂ ಹಾಗೇ ಅನ್ನುತ್ತಾರೆ. ಜೀವಮಾನವಿಡೀ ತೆಳು ಚೌಕದಲ್ಲೇ ಮೈ ಒರೆಸಿಕೊಂಡ ಆಂಟಿಗೆ ಅದು ಗೊತ್ತಿರಲಿಲ್ಲ. ಆರ್.ಟಿ. ನಗರದ ಬಟ್ಟೆ ಅಂಗಡಿಗೆ ಹೋಗಿ ಕೇಳಿದರು, "ಟರ್ಕಿ ಟವೆಲ್ ಅದಾವಾ?"

"ಬೇಕಾದಷ್ಟಿದೆ ಮೇಡಂ. ಯಾವ ಸೈಜು?"

"ಅನ್ನೊಂದು ಕೆಜಿ."

ಅಂಗಡಿಯವರು ನನ್ನ ಮುಖ ನೋಡಿದರು. ನಾನು ನೆಲ ನೋಡಿದೆ.

"ಕೆಜಿ ಅಲ್ಲ ಮೇಡಂ... ಯಾರು ಒರೆಸ್ಕೊಳ್ಳೋಕೆ?"

"ಒರೆಸ್ಕಳ್ಳಲ್ಲ. ಕುಕ್ಕುತ್ತೆ."

ಅವರು ಅಂಗಡಿಯಲ್ಲಿದ್ದ ಅತಿ ದೊಡ್ಡ ಟವೆಲ್ ತೆಗೆದಿಟ್ಟರು. ಆಂಟಿ ಅದನ್ನು ಬೆಳಕಿಗೆ ಹಿಡಿದು, ಎಳೆದು, ಮೂಸಿ ನೋಡಿ, ಕಣ್ಣು ಕಿರಿದು ಮಾಡಿಕೊಂಡರು. "ನೋಡಪ್ಪಾ, ಮೊದ್ಲೇ ಒಂದ್ಸಲ ಮೋಸ ಓಗಿದೀನಿ. ಕೋಳಿ ಟವೆಲ್ ಕೊಟ್ಟು ಟರ್ಕಿದು ಅಂತ ಯೋಳ್ಬ್ಯಾಡ."

ಕನ್ನಡ ಮೀಡಿಯಂ

ಗಿರಿರಾಜನನ್ನು ತಿದ್ದುವ ಕೆಲಸ ನನ್ನ ತಲೆಗೆ ಬಂತು. "ಅದು ನಿನ್ ಮಾತು ಕೇಳ್ತು ಅಂದ್ರೆ ಯಾರ್ ಮಾತಾದ್ರೂ ಕೇಳುತ್ತೆ" ಅನ್ನೋದು ಆಂಟಿಯ ಲೆಕ್ಕ.

ತಪ್ಪಿರಲಿಲ್ಲ. ನಾನು ತಲೆ ತಗ್ಗಿಸಿ ನಡೆಯುವವಳು. ಎದುರಿಗೆ ಯಾರೇ ಬಂದರೂ ಪಕ್ಕಕ್ಕೆ ಸರಿಯುವವಳು. ಇದನ್ನು ಗಿರಿರಾಜ ಯಾವತ್ತೋ ಗಮನಿಸಿದ್ದ. ಬೆಳಿಗ್ಗೆ ಜಕ್ಕೂರಿನ ಶಾಲೆಯ ಲೈಬ್ರರಿ ಕೆಲಸಕ್ಕೆ ಹೊರಟರೆ ಮೆಟ್ಟಿಲ ಬುಡದಲ್ಲೇ ನಿಂತಿರುತ್ತಿದ್ದ. ಅವನನ್ನು ನೋಡಿ ಆ ಐದು ಕೋಳಿಗಳೂ ನನಗೆ ದಾರಿ ಬಿಡುವುದು ನಿಲ್ಲಿಸಿದ್ದವು.

ಮೊದಲ ದಿನ ನೆಟ್ಟಗೆ ನಿಂತೆ. ಗಟ್ಟಿಯಾಗಿ ಒಂದು ಮಾತು ಹೇಳಬೇಕು. ಹತ್ತು ವರ್ಷ ಕಾನ್ವೆಂಟಿನಲ್ಲಿ ಓದಿದ ಬಾಯಿಗೆ ಬಂದದ್ದು ಒಂದೇ: "ಎಕ್ಸ್‌ಕ್ಯೂಸ್ ಮಿ."

ಗಿರಿರಾಜ ನನ್ನ ಊಟದ ಬ್ಯಾಗಿಗೆ ಕುಕ್ಕಿದ.

"ಅದು ಕನ್ನಡ ಮೀಡಿಯಂ ಕಣಮ್ಮಾ!" ಅಂತ ಆಂಟಿ ಅಡುಗೆಮನೆ ಕಿಟಕಿಯಿಂದ ಕೂಗಿದರು.

ಟವೆಲಲ್ಲಿ ಸುತ್ತಿ ಕಂಕುಳಲ್ಲಿಟ್ಟುಕೊಂಡು ದಿನವೂ ಕಾಂಪೌಂಡು ಸುತ್ತಿದೆ. ಮೊದಮೊದಲು ಒದ್ದಾಡುತ್ತಿದ್ದವನು ಆಮೇಲೆ ಟವೆಲ್ ಕಂಡರೆ ತಾನೇ ತೂಕಡಿಸತೊಡಗಿದ. ಒಂಬತ್ತನೇ ದಿನ ಶಾಲೆಗೆ ಲೇಟಾಗಿತ್ತು. ಇವನು ಮೆಟ್ಟಿಲ ಬುಡದಲ್ಲಿ. ನನಗೆ ಗೊತ್ತಿಲ್ಲದೆಯೇ ಹೊಟ್ಟೆಯೊಳಗಿಂದ ಬಂತು: "ಏಯ್! ಸರಿಯೋ ಆಚೆ!"

ಗಿರಿರಾಜ ಎರಡು ಹೆಜ್ಜೆ ಹಿಂದೆ ಹೋದ. ಪಕ್ಕದಲ್ಲಿ ಕುರ್ಚಿ ಹಾಕಿಕೊಂಡು ಕಾಫಿ ಕುಡಿಯುತ್ತಿದ್ದ ಅಂಕಲ್ ಕೂಡ ಎದ್ದು ಗೋಡೆಗೆ ಒತ್ತಿ ನಿಂತರು.

"ಅಂಕಲ್, ನಿಮಗಲ್ಲ..." ಅಂದೆ.

"ಗೊತ್ತು ಗೊತ್ತು" ಅಂದರು. ಆದರೆ ನಾನು ಗೇಟು ದಾಟುವವರೆಗೂ ಕೂರಲಿಲ್ಲ.

ತೋಟ

ಒಂದು ತಿಂಗಳು ಯಾರಿಗೂ ಕುಕ್ಕಲಿಲ್ಲ. ಆಮೇಲೊಂದು ಶನಿವಾರ, ಸಿಲಿಂಡರ್ ತಂದವರ ಕಾಲಿಗೆ ಕುಕ್ಕಿದ ಅಂತ ಅಂಕಲ್ ಹೇಳಿದರು. ನೋಡಿದವರು ಅಂಕಲ್ ಒಬ್ಬರೇ. ಮನೆಗೆ ಸಿಲಿಂಡರ್ ಬಂದದ್ದೂ ಯಾರಿಗೂ ಗೊತ್ತಿರಲಿಲ್ಲ.

ಭಾನುವಾರ ಬೆಳಿಗ್ಗೆಯೇ ಅಂಕಲ್‌ರ ತಮ್ಮ ಗೂಡ್ಸ್ ಗಾಡಿ ತಂದು ನಿಲ್ಲಿಸಿದರು. ಟವೆಲ್ ಸುತ್ತಿ ಗಿರಿರಾಜನನ್ನು ಎರಡೂ ಕೈಯಲ್ಲಿ ತಬ್ಬಿ ಎತ್ತಿಕೊಂಡರು.

"ಕೊಯ್ಯಕ್ಕೆ ತಾನೆ?" ಅಂದರು ಆಂಟಿ.

"ಅಯ್ಯೋ ಬುಡ್ತು ಅನ್ನಿ ಅತ್ತಿಗೇ! ಸಾಕಕ್ಕೇ ಕಣತ್ತಿಗೆ. ಮಕ್ಳು ಆಸೆ ಪಡ್ತವೆ. ಒಂದು ಪುಕ್ಕ ಕೊಂಕಲ್ಲ, ದೇವ್ರಾಣೆ."

ಆಂಟಿ ಗಿರಿರಾಜನ ಮುಖ ನೋಡಿದರು.

ನೀಲಿ. ತಿಳಿ ನೀಲಿ. ಮೈದುನನ ಎದೆಗೊರಗಿ ಅರ್ಧ ಕಣ್ಣು ಮುಚ್ಚಿದ್ದ. ಟವೆಲ್ಲಿನೊಳಗೆ ತಣ್ಣಗಿರಬೇಕು ಅಂತ ಒಂದು ತಿಂಗಳು ಕಲಿಸಿದವಳು ನಾನೇ.

ಆಂಟಿ ಸೆರಗು ಬಾಯಿಗಿಟ್ಟುಕೊಂಡರು. "ನಿಜ ಅಂತಾವ್ನಲ್ಲಪ್ಪಾ ಇವ್ನು... ಅವ್ನೇ ನಂಬಿದ್ ಮ್ಯಾಲೆ ನಾನ್ ಏನ್ ಯೋಳ್ಲಿ. ತಗಂಡೋಗು."

ಆಂಟೀ, ಅದು ಸುಳ್ಳಿಗಲ್ಲ, ಸಿಟ್ಟಿಗೆ. ಇಷ್ಟೇ ಮಾತು. ಹೇಳಿದರೆ, ಅಂಕಲ್ ತಿಂದ ಅಷ್ಟೂ "ಊಂ"ಗಳನ್ನು ನಾನು ಗೊತ್ತಿದ್ದೂ ಸುಮ್ಮನೆ ನೋಡಿದೆ ಅಂತಲೂ ಆಗುತ್ತದೆ. ಗಾಡಿಯ ಬಾಗಿಲು ತೆರೆದೇ ಇತ್ತು.

ಅಷ್ಟರಲ್ಲಿ ಗಾಡಿಯ ಬಾನೆಟ್ ಮೇಲಿಟ್ಟಿದ್ದ ಅವರ ಫೋನು ಹೊಡೆದುಕೊಂಡಿತು. ಅವರ ಎರಡೂ ಕೈ ಗಿರಿರಾಜನ ಮೇಲೆ. "ಏ ಪಾಪಾ, ಅದೊಂಚೂರು ಕಟ್ ಮಾಡಮ್ಮ" ಅಂದರು.

ಎತ್ತಿಕೊಂಡೆ. "ಮನೆ" ಅಂತ ಬರೆದಿತ್ತು. ಕೆಂಪು ಗುಂಡಿ, ಪಕ್ಕದಲ್ಲಿ ಹಸಿರು ಗುಂಡಿ. ಹಸಿರು ಒತ್ತಿದೆ. ಆಮೇಲೆ ಸ್ಪೀಕರನ್ನೂ ಒತ್ತಿದೆ. ಎರಡೂ ಕೈತಪ್ಪಿ ಆದದ್ದು ಅಂತ ಈಗಲೂ ಹೇಳುತ್ತೇನೆ.

"ರೀ, ಸಿಕ್ತಾ? ಅಕ್ಕ ತಕರಾರಿಲ್ದೆ ಕೊಟ್ರಾ? ನಾನ್ ಇಲ್ಲಿ ಈರುಳ್ಳಿ ಹುರಿಯೋಕ್ ಇಟ್ಟಾಯ್ತು. ನಮ್ಮಣ್ಣನ ಮನೆಯೋರೂ ಊಟಕ್ಕೆ ಬರ್ತಾವ್ರೆ."

ಆಂಟಿ ಸೀದಾ ಹೋಗಿ, ಮೈದುನನ ತೋಳಿನಿಂದ ಗಿರಿರಾಜನನ್ನು ಟವೆಲ್ ಸಮೇತ ಇಸಿದುಕೊಂಡರು. ಅಂಕಲ್ ಸೀಬೆ ಮರದಲ್ಲಿ ಕಾಯಿ ಎಷ್ಟು ಬಿಟ್ಟಿವೆ ಅಂತ ನೋಡತೊಡಗಿದರು. ಅವರ ತಮ್ಮ ನನ್ನನ್ನು ನೋಡಿದರು. ನಾನು ಎಂದಿನಂತೆ ತಲೆ ತಗ್ಗಿಸಿದೆ. ಕೈಯಲ್ಲಿ ಫೋನು ಇನ್ನೂ ಮಾತಾಡುತ್ತಲೇ ಇತ್ತು.

"ಹಲೋ? ಕೇಳಿಸ್ತಿದ್ಯಾ? ಬರ್ತಾ ಎರಡು ಕಟ್ಟು ಪುದೀನ ತಗೊಂಡ್ ಬನ್ನಿ. ರೀ... ಹಲೋ... ಪುದೀನ ತರ್ತೀರಾ ತಾನೆ?"